ಅಲಾರಂ ‘ಆಫ್ ಆಯಿತು’ ಎಂದು ಬರೆದಿದ್ದೆ

ಅನುವಾದಕ್ಕೆ ಕೈ ಹಾಕಿದ ಹೊಸತು. ‘ದಿ ಅಲಾರಂ ವೆಂಟ್ ಆಫ್ ಅಟ್ ಫೈವ್’ ಎಂಬ ಸಾಲನ್ನು ‘ಐದಕ್ಕೆ ಅಲಾರಂ ಆಫ್ ಆಯಿತು’ ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಮರುಸಾಲಿನಲ್ಲೇ ಕಥಾನಾಯಕ ಬೆಚ್ಚಿ ಎದ್ದು ಕೂರುತ್ತಾನೆ. ಸದ್ದು ನಿಂತರೆ ಯಾರಾದರೂ ಬೆಚ್ಚುತ್ತಾರೆಯೇ? ಕರಡು ಓದಿದ ಗೆಳೆಯ ಅಂಚಿನಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದ.

ನನ್ನನ್ನು ಎಡವಿಸಿದ್ದು ಕನ್ನಡದೊಳಗೆ ಬಂದು ಕೂತಿರುವ ‘ಆಫ್’. ಫ್ಯಾನ್ ಆಫ್, ಮೊಬೈಲ್ ಆಫ್ ಅಂತೆಲ್ಲ ಹೇಳಿ ಹೇಳಿ ನಮಗದು ‘ಆನ್’ಗೆ ವಿರುದ್ಧಪದ ಮಾತ್ರ. ಇಂಗ್ಲಿಷಿನಲ್ಲಿ ಅದರ ಹಳೆಯ ಅರ್ಥ ದೂರ ಸರಿಯುವುದು, ಕಳಚಿಕೊಳ್ಳುವುದು. ಇದು ತಿಳಿದ ಮೇಲೆ ಗಂಟು ಸ್ವಲ್ಪ ಸಡಿಲವಾಯಿತು. ಬಂದೂಕು, ಬಾಂಬು, ಅಲಾರಂ ಎಲ್ಲವೂ ಮೊದಲೇ ಅಣಿಮಾಡಿ ಇಟ್ಟಂಥವು. ಹಿಡಿತ ಕಳಚಿತೆಂದರೆ ಸಿಡಿಯುತ್ತವೆ, ಹೊಡೆದುಕೊಳ್ಳುತ್ತವೆ. ಹಾಲು ‘ವೆಂಟ್ ಆಫ್’ ಎಂದರೆ ಕೆಟ್ಟಿತು. ಇದು ಬ್ರಿಟಿಷರ ಬಳಕೆ, ಅಮೆರಿಕನ್ನರ ಬಾಯಲ್ಲಿ ಹೆಚ್ಚಾಗಿ ‘ಗೋ ಬ್ಯಾಡ್’. ‘ದಿ ಮೀಟಿಂಗ್ ವೆಂಟ್ ಆಫ್ ವೆಲ್’, ಅಂದರೆ ಸಭೆ ಚೆನ್ನಾಗಿ ನಡೆಯಿತು ಎಂಬುದು ಮಾತ್ರ ಯಾವ ತರ್ಕಕ್ಕೂ ನನಗೆ ಬಗ್ಗಲಿಲ್ಲ. ಬಾಯಿಪಾಠ ಮಾಡಿದೆ.

ಮೊದಮೊದಲು ನೋಟ್‌ಬುಕ್ಕಿನಲ್ಲಿ ಈ ‘ಗೋ ಆಫ್’ (‘ವೆಂಟ್ ಆಫ್’ನ ಮೂಲರೂಪ) ಅರ್ಥಗಳನ್ನು ಒಂದರ ಕೆಳಗೊಂದು ಬರೆದಿದ್ದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಕರ್ತೃ ಯಾವುದೆಂದು ನೋಡಿ ಬರೆಯತೊಡಗಿದೆ: ದೀಪವಾದರೆ ಆರುವುದು, ಗಂಟೆಯಾದರೆ ಮೊಳಗುವುದು, ತಿನ್ನುವ ವಸ್ತುವಾದರೆ ಕೆಡುವುದು, ಮನುಷ್ಯನಾದರೆ ಹೊರಟುಹೋಗುವುದು. ‘ದಿ ಲೈಟ್ಸ್ ವೆಂಟ್ ಆಫ್ ಅಂಡ್ ದಿ ಅಲಾರಂ ವೆಂಟ್ ಆಫ್’ ಎಂಬಲ್ಲಿ ಒಂದು ನಂದುತ್ತದೆ, ಇನ್ನೊಂದು ಶುರುವಾಗುತ್ತದೆ. ಇಂಗ್ಲಿಷನ್ನು ನೋಡಿ ನಾವು ನಗುವಂತೆಯೂ ಇಲ್ಲ. ಬಣ್ಣ, ಹರಟೆ, ಗೊರಕೆ ಎಲ್ಲವನ್ನೂ ‘ಹೊಡೆಯುವ’ ಮಂದಿ ನಾವು.

ಇಷ್ಟಾದರೂ ಇನ್ನೊಮ್ಮೆ ಜಾರಿದೆ. ಕಥೆಯೊಂದರಲ್ಲಿ ಹೆಂಡತಿ ಗಂಡನ ಬಗ್ಗೆ ಗೆಳತಿಗೆ ‘ಐ ಹ್ಯಾವ್ ಗಾನ್ ಆಫ್ ಹಿಮ್’ ಎನ್ನುತ್ತಾಳೆ. ‘ಅವನನ್ನು ಬಿಟ್ಟು ಬಂದೆ’ ಎಂದು ಬರೆದೆ. ಎರಡು ಪುಟ ದಾಟಿದರೆ ಆಕೆ ಅದೇ ಮನೆಯಲ್ಲಿ, ಅದೇ ಗಂಡನ ಎದುರಿಗೆ ಊಟಕ್ಕೆ ಕೂತಿದ್ದಾಳೆ! ‘ಗೋ ಆಫ್’ ಮುಂದೆ ಹೀಗೆ ವ್ಯಕ್ತಿಯೋ ವಸ್ತುವೋ ಕರ್ಮವಾಗಿ ಬಂದರೆ, ಹೆಚ್ಚಾಗಿ ಅದರ ಮೇಲಿನ ಇಷ್ಟ ಕಳೆದುಹೋಗಿದೆ ಎಂದರ್ಥ. ‘ಬೇಸರ ಬಂದಿದೆ’, ‘ಸಾಕಾಗಿದೆ’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಕೊನೆಗೆ ಉಳಿಸಿಕೊಂಡದ್ದು: ‘ಅವನ ಮೇಲಿದ್ದ ಮನಸ್ಸೇ ಹೋಗಿದೆ ಕಣೇ.’