ರಾಜ್ಯಪತ್ರದ ಪ್ರಕಟಣೆಗಳಿಗೆ ಸರ್ವೆ ನಂಬರಿನ ಸೂಚಿ: ಹೊಳೆಬದಿ ಜಾಗದ ಕೆಲಸದಲ್ಲಿ ನನ್ನ ಅನುಭವ

ಹೊಳೆಬದಿಯ ಜಾಗ ನೋಡುವಾಗ ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ), 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ) ಇದ್ದರೆ ಸಾಕು ಎನ್ನುವವರೇ ಉಡುಪಿಯಲ್ಲಿ ಹೆಚ್ಚು. ರಾಜ್ಯಪತ್ರ, ಅಂದರೆ ಸರಕಾರದ ಗೆಜೆಟ್‌ನಲ್ಲಿ ಬರುವ ಪ್ರಕಟಣೆಗಳನ್ನೆಲ್ಲ ಗ್ರಾಮ ಮತ್ತು ಸರ್ವೆ ನಂಬರಿನ ಪ್ರಕಾರ ಒಂದೇ ಪಟ್ಟಿಗೆ ಇಳಿಸುತ್ತೇನೆ ಎಂದಾಗ "ಅದೆಲ್ಲ ಮುಗಿಯುವ ಕೆಲಸವಲ್ಲ ಮಾರಾಯ್ರೆ, ಇಸಿ ನಿಲ್ ಬಂದ ಮೇಲೆ ಮತ್ತೇನು ನೋಡ್ಲಿಕ್ಕುಂಟು" ಎಂದವರು ಈಗ ಅಡ್ವಾನ್ಸ್ ಕೊಡುವ ಮೊದಲು ನನಗೆ ಫೋನು ಮಾಡಿ ನಂಬರು ಹೇಳುತ್ತಾರೆ. ಪಟ್ಟಿ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ ಬಗೆ ಇಲ್ಲಿದೆ.

ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಂ ಅಡಿ ಪ್ರಾಥಮಿಕ ಅಧಿಸೂಚನೆ ಬಿದ್ದರೆ ಆ ಜಾಗದ ವಹಿವಾಟಿಗೆ ಅಲ್ಲಿಂದಲೇ ತಡೆ. ಅದು ಪಹಣಿಯ 11ನೇ ಕಾಲಮ್ಮಿಗೆ ಏರುವ ತನಕ ಮಧ್ಯೆ ಒಂದು ಸಂದು ಇರುತ್ತದೆ. ತೊಂದರೆಯೆಲ್ಲ ಆ ಸಂದಿನಲ್ಲೇ. ಕೈಗಾರಿಕೆಗಾಗಿ ಜಾಗ ಪಡೆಯುವ ಕೆಐಎಡಿಬಿಯ 28(1), ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಂ ಪ್ರಕಟಣೆಗಳಲ್ಲೂ ಇಂಥದೇ ಸಂದು. 3ಎ ಪ್ರಕಟಣೆಗೆ ಆಕ್ಷೇಪಣೆ ಸಲ್ಲಿಸಲು ಸಿಗುವುದು 21 ದಿನ, 11ನೇ ಕಲಮಿಗೆ 60 ದಿನ. ಯಾರೂ ಕರೆದು ಹೇಳುವುದಿಲ್ಲ, ನಾವೇ ಹುಡುಕಬೇಕು.

ಮೊದಲ ತಡೆ ಅಕ್ಷರದ್ದು. ರಾಜ್ಯಪತ್ರದ ಗುರುವಾರದ ಸಂಚಿಕೆಗಳನ್ನೂ ವಿಶೇಷ ಸಂಚಿಕೆಗಳನ್ನೂ ಇಳಿಸಿಕೊಂಡು ಗ್ರಾಮದ ಹೆಸರು ಹಾಕಿ ಹುಡುಕಿದರೆ ಸೊನ್ನೆ. ಕಣ್ಣೆದುರೇ 'ಉದ್ಯಾವರ' ಎಂದಿದೆ, ಹುಡುಕಾಟಕ್ಕೆ ಸಿಗುವುದಿಲ್ಲ. ಹಳೆಯ ಪಿಡಿಎಫ್‌ಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರ ಸಂಕೇತದಲ್ಲಿ ಟೈಪಾದವು. ಒಳಗಿರುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಪಠ್ಯವನ್ನು ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕದಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತು ಸ್ಥಳ ತಪ್ಪುತ್ತವೆ, ಹಾಗಾಗಿ ಬ್ರಹ್ಮಾವರ, ಸ್ವರ್ಣಾ, ಕಾರ್ಕಳ ಇಂಥವೇ ಮೊದಲು ಕೆಡುವುದು. ಸರಿಯಾದ ಕಾಗುಣಿತವನ್ನು ಮಾತ್ರ ಹುಡುಕಿದರೆ ಅರ್ಧ ಕೈತಪ್ಪುತ್ತದೆ. ಪರಿವರ್ತಕ ಕೆಡಿಸಿಕೊಡುವ ರೂಪಗಳನ್ನೇ ಬರೆದಿಟ್ಟುಕೊಂಡು ಅವನ್ನೂ ಹುಡುಕಬೇಕು. ಒಂದೊಂದು ಗ್ರಾಮಕ್ಕೆ ಐದಾರು ರೂಪ ಬರುತ್ತದೆ. ನನ್ನ ಆ ಪಟ್ಟಿಯನ್ನು ಇಲ್ಲಿ ಹಾಕುವುದಿಲ್ಲ, ಅದಕ್ಕೆ ಹೋದ ಶ್ರಮ ದೊಡ್ಡದು.

ಸ್ಕ್ಯಾನ್ ಪ್ರತಿಗಳದ್ದು ಬೇರೆಯೇ ಪಾಡು. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ಓದು ಗದ್ಯಕ್ಕೆ ಪರವಾಗಿಲ್ಲ, ಕೋಷ್ಟಕಕ್ಕೆ ಕೈ ಕೊಡುತ್ತದೆ. ಗೆರೆಗಳ ನಡುವಿನ ಸರ್ವೆ ನಂಬರಿನ ಕಾಲಮ್ಮನ್ನೇ ನುಂಗಿಬಿಡುತ್ತದೆ. ಅದಕ್ಕಿಂತ ಅಪಾಯದ್ದು ಓರೆಗೆರೆ. 93/2 ಇದ್ದದ್ದನ್ನು 9312 ಎಂದು ಓದುತ್ತದೆ. ನಮ್ಮ ಗ್ರಾಮಗಳಲ್ಲಿ ಅಷ್ಟು ದೊಡ್ಡ ಸರ್ವೆ ನಂಬರು ಇಲ್ಲ. ಆದ್ದರಿಂದ ನಾಲ್ಕಂಕಿಯದು ಬಂದರೆ ಕೆಂಪು ಬಣ್ಣ ಬರುವ ಹಾಗೆ ಎಕ್ಸೆಲ್‌ನಲ್ಲಿ ಮಾಡಿಟ್ಟಿದ್ದೇನೆ, ಅಂಥದ್ದನ್ನು ಮೂಲದೊಡನೆ ಕಣ್ಣಲ್ಲೇ ತಾಳೆ ನೋಡುವುದು. 9/2 ಎಂಬುದು 912 ಆದರೆ ಈ ಬಲೆಗೆ ಬೀಳುವುದಿಲ್ಲ. ಅದಕ್ಕೆ ಆ ಗ್ರಾಮದ ಕೊನೆಯ ಸರ್ವೆ ನಂಬರು ಎಷ್ಟೆಂದು ಪಕ್ಕದಲ್ಲಿ ಬರೆದಿಟ್ಟು, ಅದನ್ನು ಮೀರಿದ್ದನ್ನೆಲ್ಲ ಅನುಮಾನಿಸಬೇಕು. ಕನ್ನಡ ಅಂಕಿಗಳಲ್ಲಿ ಅಚ್ಚಾದ ಕಡೆ ೬ ಮತ್ತು ೯ ಅದಲು ಬದಲು. 300 ಡಿಪಿಐಗಿಂತ ಕಡಿಮೆ ಸ್ಕ್ಯಾನಾದರೆ ಹೊತ್ತು ದಂಡ. ಕಾಲಮ್ಮುಗಳನ್ನು ಕತ್ತರಿಸಿ, ನಂಬರಿನ ಪಟ್ಟಿಯನ್ನು ಮಾತ್ರ ಪಿಎಸ್‌ಎಂ 6ರಲ್ಲಿ (ಇಡೀ ತುಣುಕನ್ನು ಒಂದೇ ಪಠ್ಯಖಂಡವೆಂದು ಓದುವ ಟೆಸರಾಕ್ಟಿನ ಕ್ರಮ) ಅಂಕಿ ಮತ್ತು ಓರೆಗೆರೆಗಷ್ಟೇ ಮಿತಿಗೊಳಿಸಿ ಓಡಿಸಿದ ಮೇಲೆ ಹತ್ತರಲ್ಲಿ ಎಂಟಾದರೂ ಸರಿ ಬರಲು ಶುರುವಾಯಿತು.

ದುಡ್ಡು ಹೆಚ್ಚಾಗಿ ಹೋದದ್ದು ಇಲ್ಲಿಯೇ. ಟೈಪಿಂಗಿಗೆ ಹೊರಗೆ ಕೊಟ್ಟಾಗ ಪುಟಕ್ಕೆ ಹದಿನೈದು ಇಪ್ಪತ್ತು ರೂಪಾಯಿ ಆಯಿತು, ನಂಬರುಗಳಲ್ಲಿ ತಪ್ಪು ತುಂಬಿತ್ತು, ಅಷ್ಟೂ ಹಣ ನೀರಿಗೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಸ್ಕ್ಯಾನರ್ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು. ತಂತ್ರಾಂಶಗಳು ಉಚಿತ. ಆ ಖರ್ಚು ಎಂದೋ ವಾಪಸು ಬಂದಿದೆ.

ಗ್ರಾಮದ ಹೆಸರಿನಲ್ಲಿ ಎರಡು ಎಚ್ಚರ. ಉಡುಪಿಯಲ್ಲಿ 76 ಬಡಗಬೆಟ್ಟು ಇದೆ, 80 ಬಡಗಬೆಟ್ಟೂ ಇದೆ. ಹೆಸರಿನ ಹಿಂದಿನ ಸಂಖ್ಯೆ ಬಿಟ್ಟು ಸೂಚಿ ಮಾಡಿದರೆ ಒಂದರ ಪ್ರಕಟಣೆ ಇನ್ನೊಂದರ ತಲೆಗೆ ಬೀಳುತ್ತದೆ. ಎರಡನೆಯದು ಕಾಲ. ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕಿಂತ ಹಿಂದಿನದು ದಕ್ಷಿಣ ಕನ್ನಡದ ಅಡಿಯಲ್ಲಿ ಸಿಗುತ್ತದೆ. ಬ್ರಹ್ಮಾವರ, ಕಾಪು ಬೇರೆ ತಾಲೂಕುಗಳಾದ ಮೇಲೆ ಒಂದೇ ಗ್ರಾಮ ಎರಡು ತಾಲೂಕುಗಳ ಹೆಸರಿನಲ್ಲಿ ಬಂದಿರುತ್ತದೆ. ತಾಲೂಕನ್ನು ಆಧಾರ ಮಾಡಬೇಡಿ, ಗ್ರಾಮವನ್ನೇ ಮಾಡಿ. ನಂಬರನ್ನೂ ಮೂಲ ಹಿಸ್ಸೆಯ (ಸರ್ವೆ ನಂಬರಿನ ಭಾಗ) ಮಟ್ಟದಲ್ಲೇ ಹೊಂದಿಸಿ. ಪಹಣಿಯಲ್ಲಿ 93/2ಎ1ಪಿ2 ಇರುತ್ತದೆ, ಪ್ಲಾಟಿಂಗ್ (ಅಳೆದು ಪಾಲು ಬೇರ್ಪಡಿಸುವುದು) ಆಗಿರುವುದಿಲ್ಲ. ಪ್ರಕಟಣೆಯಲ್ಲಿ ಬರೀ 93/2 ಇರುತ್ತದೆ.

ವಿಸ್ತೀರ್ಣದಲ್ಲಿ ಆಗುವ ಎಡವಟ್ಟು ನಮ್ಮ ಕರಾವಳಿಗೇ ವಿಶೇಷ. ಇಲ್ಲಿ ಲೆಕ್ಕ ಸೆಂಟ್ಸಿನಲ್ಲಿ, ಘಟ್ಟದ ಮೇಲೆ ಗುಂಟೆಯಲ್ಲಿ. ಕೋಷ್ಟಕದಲ್ಲಿ 0-25 ಎಂದಿದ್ದರೆ ಯಾವುದು? 25 ಸೆಂಟ್ಸ್ ಎಂದರೆ 10 ಗುಂಟೆ, 25 ಗುಂಟೆ ಎಂದರೆ 62.5 ಸೆಂಟ್ಸ್. ಒಂದೇ ಕೋಷ್ಟಕದಲ್ಲಿ ಎಲ್ಲಿಯಾದರೂ ಎರಡನೆಯ ಅಂಕಿ 39ನ್ನು ದಾಟಿದೆಯೇ ನೋಡಿ. ದಾಟಿದ್ದರೆ ಅದು ಸೆಂಟ್ಸೇ, ಏಕೆಂದರೆ 40 ಗುಂಟೆಗೆ ಎಕರೆ ಮುಗಿಯಿತು. ದಾಟದಿದ್ದರೆ ಮೊತ್ತದ ಸಾಲು ಕೂಡಿಸಿ ನೋಡಿ. 40ಕ್ಕೆ ಎಕರೆ ಏರಿದೆಯೋ 100ಕ್ಕೆ ಏರಿದೆಯೋ ಅಲ್ಲಿ ಗೊತ್ತಾಗುತ್ತದೆ. ಮದ್ರಾಸ್ ಕಾಲದ ಎಫ್‌ಎಂಬಿ (ಜಮೀನಿನ ಅಳತೆ ಪುಸ್ತಕ) ನಕ್ಷೆ ಹಿಡಿದು ತಾಳೆ ಮಾಡುವವರು ಅದರ ಅಳತೆ ಲಿಂಕ್ಸಿನಲ್ಲಿದೆ ಎಂಬುದನ್ನು ಮರೆಯಬಾರದು. 250 ಲಿಂಕ್ಸ್ ಎಂದರೆ ಸುಮಾರು 50 ಮೀಟರ್.

ಜಲಮಾರ್ಗದ ಪ್ರಕಟಣೆಗಳು ಸರ್ವೆ ನಂಬರಿಗೆ ಸುಲಭದಲ್ಲಿ ಒಗ್ಗುವುದಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಅನುಸೂಚಿಯಲ್ಲಿ 111 ಜಲಮಾರ್ಗಗಳಿವೆ. ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ ಹೊಳೆಗಳೂ ಅದರಲ್ಲಿ ಸೇರಿವೆ. ಅಲ್ಲಿರುವುದು ಶುರು ಮತ್ತು ಕೊನೆಯ ಅಕ್ಷಾಂಶ ರೇಖಾಂಶ ಅಷ್ಟೇ. ಅವನ್ನು ನಕ್ಷೆಯಲ್ಲಿ ಗುರುತಿಸಿ, ಹೊಳೆಯ ಎರಡೂ ದಂಡೆಯ ನಂಬರುಗಳನ್ನು ಸರಕಾರದ ಸರ್ವೆ ನಕ್ಷೆಯ ಆ್ಯಪ್ ಆದ ದಿಶಾಂಕ್‌ನಿಂದ ಹೆಕ್ಕಿದೆ. ದಿಶಾಂಕ್ ನಂಬರು ಹೇಳಲು ಒಳ್ಳೆಯದು, ಗಡಿ ಹೇಳಲು ಅಲ್ಲ. ದಂಡೆಯ ಕಡೆ ಗೆರೆ ಕೆಲವು ಮೀಟರ್ ಅತ್ತಿತ್ತ ಹೋಗುತ್ತದೆ. ಜಲಮಾರ್ಗ ಎಂದು ಘೋಷಣೆಯಾದ ಮಾತ್ರಕ್ಕೆ ಪಟ್ಟಾ ಜಾಗ ಹೋಗುವುದಿಲ್ಲ. ಆದರೆ ಹೂಳೆತ್ತುವ ಟೆಂಡರ್, ಜೆಟ್ಟಿ, ತಡೆಗೋಡೆ ಬಂದರೆ ಮೊದಲು ತಾಗುವುದು ಈ ನಂಬರುಗಳಿಗೇ, ಹಾಗಾಗಿ ಅವಕ್ಕೆ ಪ್ರತ್ಯೇಕ ಗುರುತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕೂಡ ಅದೇ ಸಾಲಿನಲ್ಲಿ: ಭರತದ ನೀರು ಏರುವ ಹೊಳೆಗೆ ಈ ವಲಯದ ವ್ಯಾಪ್ತಿ 2011ರ ಅಧಿಸೂಚನೆಯಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, 2019ರದ್ದರಲ್ಲಿ 50 ಮೀಟರ್ ಅಥವಾ ಅಗಲ, ಯಾವುದು ಕಡಿಮೆಯೋ ಅದು. ಕಡಿಮೆಯಾಯಿತೆಂದು ಖುಷಿಪಡುವ ಮೊದಲು ಹೊಳೆಯ ಅಗಲ ಅಳೆಯಬೇಕು. ನಮ್ಮ ಎಷ್ಟೋ ತೋಡುಗಳು 50 ಮೀಟರ್ ಇಲ್ಲವೇ ಇಲ್ಲ, ಅಲ್ಲಿ ಎರಡಕ್ಕೂ ವ್ಯತ್ಯಾಸ ಬೀಳುವುದಿಲ್ಲ.

ಇದರ ನಡುವೆ ಮೀನುಗಾರಿಕೆ ಇಲಾಖೆಯ ನೇಮಕಾತಿ, ವರ್ಗಾವಣೆಯ ಪ್ರಕಟಣೆಗಳನ್ನೂ ಹುದ್ದೆ ಮತ್ತು ದಿನಾಂಕದ ಪ್ರಕಾರ ಜೋಡಿಸಿ ನೋಡಿದೆ. ಮೀನು ಇಳಿಸುವ ಕೇಂದ್ರ, ಸಂಪರ್ಕ ರಸ್ತೆಯ ಕಡತಗಳಲ್ಲಿ ಇಲಾಖೆಯ ಪತ್ರ ಇರುತ್ತದಲ್ಲ, ಸಹಿ ಹಾಕಿದವರು ಆ ದಿನ ಆ ಹುದ್ದೆಯಲ್ಲಿದ್ದರೇ ಎಂದು ತಾಳೆ ಹಾಕುವ ಉದ್ದೇಶ. 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಯಾವ ಅಧಿಕಾರಿಗೆ ಯಾವ ಅಧಿಕಾರ ಎಂಬುದು ಅಧಿಸೂಚನೆಯಿಂದಲೇ ಬರುವುದರಿಂದ ದೋಣಿಯವರಿಗೂ ಇದು ಉಪಯೋಗ. ಆದರೆ ಪ್ರಭಾರದ ಆದೇಶಗಳು ಕಚೇರಿಯ ಜ್ಞಾಪನದಲ್ಲೇ ಮುಗಿಯುತ್ತವೆ, ರಾಜ್ಯಪತ್ರಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಸಹಿಯನ್ನು ಪ್ರಶ್ನಿಸಲು ಹೋಗಬೇಡಿ, ಮೊದಲು ಪ್ರಭಾರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ತಾತ್ಕಾಲಿಕ ಆಯ್ಕೆ ಪಟ್ಟಿಯನ್ನು ನೇಮಕ ಎಂದು ತುಂಬಿಸುವುದೂ ಸಲ್ಲ.

ಪಟ್ಟಿ ಕೈಹಿಡಿದದ್ದು ಹೊಳೆಬದಿಯ ಸುಮಾರು 38 ಸೆಂಟ್ಸ್ ಜಾಗದಲ್ಲಿ. ಇಸಿ ನಮೂನೆ 16, ಅಂದರೆ ಏನೂ ಇಲ್ಲ. ಪಹಣಿಯ 11ನೇ ಕಾಲಂ ಖಾಲಿ. ಸೂಚಿಯಲ್ಲಿ ಮಾತ್ರ ಮೂಲ ಹಿಸ್ಸೆಯ ಎದುರು ಒಂದು ಸಾಲು ಬಂತು: ರಸ್ತೆಗೆ ಬೇಕೆಂದು 0-12, ಖಾತೆದಾರರ ಹೆಸರು ಹಿಂದಿನ ತಲೆಮಾರಿನವರದ್ದು. ಹೆಸರು ಹಿಡಿದು ಹುಡುಕಿದ್ದರೆ ಎಂದಿಗೂ ಸಿಗುತ್ತಿರಲಿಲ್ಲ. ಕರಾರು ಅಲ್ಲಿಗೇ ನಿಂತಿತು, ಲಕ್ಷಗಟ್ಟಲೆ ಅಡ್ವಾನ್ಸ್ ಉಳಿಯಿತು.

ಪ್ರತಿ ಸಾಲಿಗೂ 'ಸ್ಥಿತಿ' ಎಂಬ ಕಾಲಂ ಇಡುವುದು ಕಡ್ಡಾಯ. 11ನೇ ಕಲಂ ಪ್ರಕಟಣೆಯ ಬಳಿಕ 12 ತಿಂಗಳೊಳಗೆ 19ನೇ ಕಲಂ ಘೋಷಣೆ ಬಾರದಿದ್ದರೆ, ಅವಧಿ ವಿಸ್ತರಣೆಯೂ ಆಗದಿದ್ದರೆ ಅದು ಬಿದ್ದುಹೋಗುತ್ತದೆ. ಸತ್ತ ಪ್ರಕಟಣೆ ತೋರಿಸಿ ಒಳ್ಳೆಯ ವ್ಯವಹಾರ ಕೆಡಿಸಬಾರದು. ವಿಸ್ತರಣೆಯ ಆದೇಶ ಮೂಲ ಪ್ರಕಟಣೆಯ ಸಂಖ್ಯೆಯಲ್ಲಿ ಬರುತ್ತದೆ, ಸರ್ವೆ ನಂಬರು ಅದರಲ್ಲಿ ಇರುವುದಿಲ್ಲ. ಅದಕ್ಕಾಗಿ ಅಧಿಸೂಚನೆಯ ಸಂಖ್ಯೆಯನ್ನೂ ಸೂಚಿಯಲ್ಲಿ ಹುಡುಕುವ ಹಾಗೆ ಇಡಿ. ಸಂಖ್ಯೆಯ ನಡುವಿನ ಚುಕ್ಕಿ, ಅಡ್ಡಗೆರೆ, ಖಾಲಿ ಜಾಗಗಳನ್ನೆಲ್ಲ ತೆಗೆದು ಒಂದೇ ಸರಪಳಿಯಾಗಿ ತುಂಬಿಸಿದರೆ ಎರಡೂ ತಾನಾಗಿ ಕೂಡಿಕೊಳ್ಳುತ್ತವೆ.