ಕ್ಯಾನ್ಸರ್ ನೋಂದಣಿಯಲ್ಲಿ ಹೆಸರು ಮತ್ತು ವಿಳಾಸ: ನನ್ನ ಅನುಭವ

ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಗಾಗಿ, ಅಂದರೆ ನಗರವಾಸಿಗಳಲ್ಲಿ ಕಂಡುಬರುವ ಪ್ರತಿ ಹೊಸ ಕ್ಯಾನ್ಸರನ್ನು ಎಣಿಸಿಡುವ ದಾಖಲೆಗಾಗಿ, ಆಸ್ಪತ್ರೆಗಳನ್ನು ಸುತ್ತಿ ಮಾಹಿತಿ ತರುವ ಕೆಲಸಕ್ಕೆ ಸೇರಿದಾಗ, ಗೆಡ್ಡೆಗಳ ಸಂಕೇತ ಕಲಿಯುವುದೇ ದೊಡ್ಡ ಕಷ್ಟವೆಂದು ನಾನು ಭಾವಿಸಿದ್ದೆ. ಸ್ತನಕ್ಕೆ ಸಿ50, ಗರ್ಭಕಂಠಕ್ಕೆ ಸಿ53 ಎಂಬಂಥವು ಕೆಲವೇ ತಿಂಗಳಲ್ಲಿ ಬಾಯಿಪಾಠವಾದವು. ಆದರೆ ರೋಗಿಯ ಹೆಸರು ಮತ್ತು ವಿಳಾಸ ಇಂದಿಗೂ ನನ್ನ ತಲೆ ತಿನ್ನುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಕಿದ್ವಾಯಿ ಸಂಸ್ಥೆಯ ಆಶ್ರಯದಲ್ಲಿ 1982ರಿಂದ ಬೆಂಗಳೂರಿನ ಎಣಿಕೆ ನಡೆಯುತ್ತಿದೆ. ವರದಿಗಳು ತಾವಾಗಿ ಬಂದಾವೆಂದು ಕಾಯುತ್ತ ಕೂರುವಂತಿಲ್ಲ. ರೆಕಾರ್ಡ್ ರೂಮು, ಬಯಾಪ್ಸಿ ಲ್ಯಾಬು, ರೇಡಿಯೋಥೆರಪಿ ವಿಭಾಗಗಳಿಗೆ ನಾವೇ ಹೋಗಿ ಕಡತ ಬಿಚ್ಚಬೇಕು.

ಒಂದು ಪ್ರದೇಶದ ಹೊಸ ರೋಗಿಗಳ ಸಂಖ್ಯೆಯನ್ನು ಅದೇ ಪ್ರದೇಶದ ಜನಸಂಖ್ಯೆಯಿಂದ ಭಾಗಿಸಿದಾಗ ರೋಗದ ದರ ಸಿಗುತ್ತದೆ. ಚಿಕಿತ್ಸೆಗೆಂದು ಬಂದ ಹೊರಗಿನವರು ಅಂಶದಲ್ಲಿ ಸೇರಿಕೊಂಡು, ಛೇದದಲ್ಲಿ ಇಲ್ಲದಿದ್ದರೆ, ನಗರದ ದರ ಸುಮ್ಮನೆ ಉಬ್ಬುತ್ತದೆ. ಆದ್ದರಿಂದ ಕನಿಷ್ಠ ಒಂದು ವರ್ಷ ಇಲ್ಲಿ ವಾಸವಾಗಿದ್ದವರನ್ನು ಮಾತ್ರ ನಾವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಕೇಸ್ ಶೀಟಿನಲ್ಲಿ ಪೀಣ್ಯದ ವಿಳಾಸವಿದ್ದ ವೃದ್ಧೆಯೊಬ್ಬರನ್ನು, "ಅಮ್ಮಾ, ಹೋದ ಯುಗಾದಿಗೆ ಎಲ್ಲಿದ್ದಿರಿ, ರೇಷನ್ ಎಲ್ಲಿ ತಗೋತೀರಿ?" ಎಂದು ಕೇಳಿದೆ. "ಯುಗಾದಿಗೆ ಊರಾಗೇ ಇದ್ದೆ, ಮಗನ ಮನಿಗೆ ಬಂದು ಎರಡು ತಿಂಗಳಾತು ನೋಡಪ್ಪಾ" ಎಂದರು. ಅಂದಿನಿಂದ "ನಿಮ್ಮ ವಿಳಾಸವೇನು" ಎಂಬ ಪ್ರಶ್ನೆಯೊಂದನ್ನೇ ನಂಬುವುದನ್ನು ಬಿಟ್ಟೆ. ರೋಗಿ ಸಿಗದೆ ಬರೀ ಲ್ಯಾಬ್ ವರದಿ ಸಿಕ್ಕಾಗ ಈ ಉಪಾಯ ನಡೆಯುವುದಿಲ್ಲ. ವರದಿ ಬರೆಸಿದ ವೈದ್ಯರ ಬಾಗಿಲು ತಟ್ಟುವುದೊಂದೇ ದಾರಿ.

ಹೆಸರಿನ ತೊಡಕು ಇನ್ನೂ ಜಟಿಲವಾದದ್ದು. ಒಂದೆಡೆ ಬಯಾಪ್ಸಿ, ಇನ್ನೊಂದೆಡೆ ಶಸ್ತ್ರಚಿಕಿತ್ಸೆ, ಮತ್ತೊಂದೆಡೆ ವಿಕಿರಣ ಚಿಕಿತ್ಸೆ ಪಡೆದ ಒಬ್ಬರೇ ರೋಗಿ ಲಕ್ಷ್ಮಮ್ಮ, ಲಕ್ಷ್ಮಿ, ಲಕ್ಷ್ಮೀದೇವಮ್ಮ ಎಂದು ಮೂರು ಜನರಾಗಿಬಿಡುತ್ತಾರೆ. ಇನಿಷಿಯಲ್ ಒಮ್ಮೆ ತಂದೆಯದು, ಒಮ್ಮೆ ಗಂಡನದು. ವಯಸ್ಸಂತೂ ಐವತ್ತೈದು, ಅರವತ್ತು ಎಂದು ಹಾರುತ್ತ ಹೋಗುತ್ತದೆ. ಹೆಸರನ್ನು ಮನೆಯವರು ಕರೆಯುವಂತೆಯೇ ಕನ್ನಡದಲ್ಲಿ ಬರೆದುಕೊಂಡು, ತಂದೆ ಮತ್ತು ಗಂಡನ ಹೆಸರುಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ತುಂಬತೊಡಗಿದ ಮೇಲೆ ನನ್ನ ಪಾಲಿನ ಕಡತಗಳಲ್ಲಿ ಪುನರಾವರ್ತನೆ ಎದ್ದು ಕಾಣತೊಡಗಿತು. ಮೊಬೈಲ್ ಸಂಖ್ಯೆ ನೆರವಾಗುತ್ತದೆ, ಆದರೆ ಅದು ಹೆಚ್ಚಾಗಿ ಮಗನದೋ ಅಳಿಯನದೋ ಆಗಿರುತ್ತದೆ. ಹಾಗೆಂದು ಆತುರದಲ್ಲಿ ಎಲ್ಲವನ್ನೂ ಒಂದಾಗಿಸುವಂತಿಲ್ಲ: ಜಠರದ ಕ್ಯಾನ್ಸರ್ ಇದ್ದವರಿಗೆ ಮುಂದೆ ಸ್ತನದಲ್ಲಿ ಸ್ವತಂತ್ರವಾಗಿ ಇನ್ನೊಂದು ಹುಟ್ಟಿದರೆ ಅವು ಎರಡು ದಾಖಲೆಗಳೇ, ಶ್ವಾಸಕೋಶದಿಂದ ಮೆದುಳಿಗೆ ಹರಡಿದ್ದು ಮಾತ್ರ ಒಂದೇ.

ಕೊನೆಯದು ಮರಣ ದಾಖಲೆ. ಸಾವಿನ ಕಾರಣವೆಂದು "ಹೃದಯ ಸ್ತಂಭನ" ಎಂದಷ್ಟೇ ಬರೆದಿರುವ ಎಷ್ಟೋ ನಮೂದುಗಳ ಹಿಂದೆ ಕ್ಯಾನ್ಸರ್ ಅಡಗಿರುವುದರಿಂದ, ಕಾರಣ ಏನೇ ಇರಲಿ, ಎಲ್ಲ ಸಾವುಗಳನ್ನೂ ನಮ್ಮ ಪಟ್ಟಿಯೊಂದಿಗೆ ಹೋಲಿಸುತ್ತೇವೆ. ಒಂದು ವರ್ಷ, ಮರಣ ಪತ್ರದಿಂದ ಮಾತ್ರ ತಿಳಿದುಬಂದ, ಅಂದರೆ ಆಸ್ಪತ್ರೆಗಳಲ್ಲಿ ನಮ್ಮ ಕೈತಪ್ಪಿದ್ದ, ಪ್ರಕರಣಗಳ ಪ್ರಮಾಣ ಬಹಳ ಕಡಿಮೆಯಾಗಿತ್ತು. ನಮ್ಮ ಸಂಗ್ರಹ ಅಷ್ಟು ಪೂರ್ಣವಾಗಿದೆಯೆಂದು ನಾನು ಹಿಗ್ಗಿದ್ದೆ. ಪರಿಶೀಲಿಸಿದಾಗ, ಕೆಲವು ವಾರ್ಡುಗಳ ಮರಣ ನೋಂದಣಿಯ ಪ್ರತಿಗಳೇ ನಮಗೆ ತಲುಪಿರಲಿಲ್ಲ. ಪಟ್ಟಿ ತರಿಸಿ, ಆ ವರ್ಷದ ಕಡತವನ್ನು ಮತ್ತೆ ತೆರೆದೆವು.