ಸುರಂಗದ ಪುಟಕ್ಕೆ 41 ತಿದ್ದುಪಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಮರಾಠಿ, ಕೊಂಕಣಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಬರಹದ ಕನ್ನಡ ಅವರಲ್ಲಿ ಹೆಚ್ಚಿನವರಿಗೆ ಪಾಠಪುಸ್ತಕದಲ್ಲಷ್ಟೇ ಸಿಗುವ ಭಾಷೆ. ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದರೆ ಅವರ ಕಣ್ಣು ಹೋಗುವುದು ಅಂಕದ ಕಡೆಗೆ, ತಿದ್ದಿದ ತಪ್ಪು ಮುಂದಿನ ಪ್ರಬಂಧದಲ್ಲಿ ಮತ್ತೆ ಹಾಗೆಯೇ ಬಂದು ಕೂರುತ್ತದೆ. ಬರೆದದ್ದನ್ನು ಬರೆದವರೇ ಮರಳಿ ಓದುವಂತೆ ಮಾಡುವುದು ಹೇಗೆಂಬುದು ನನ್ನ ಬಹುಕಾಲದ ತೊಡಕಾಗಿತ್ತು.

ಮೊದಲು ತರಗತಿಗೆಂದು ಒಂದು ಬ್ಲಾಗ್ ತೆರೆದೆ. ಗಲ್ಫಿನಲ್ಲಿರುವ ಮಾವಂದಿರು, ಚಿಕ್ಕಪ್ಪಂದಿರು ಓದಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದರು, ಮಕ್ಕಳಿಗೂ ಖುಷಿಯಾಯಿತು. ಆದರೆ ಚೆನ್ನಾಗಿದೆ ಎನ್ನಿಸಿಕೊಂಡ ಬರಹವನ್ನು ಯಾರು ತಿದ್ದುತ್ತಾರೆ? ಒಂದು ವರ್ಷದಲ್ಲಿ ಅದು ಮೊದಲೇ ಚೆನ್ನಾಗಿ ಬರೆಯುತ್ತಿದ್ದ ನಾಲ್ಕೈದು ಮಕ್ಕಳ ಪ್ರದರ್ಶನ ಫಲಕವಾಗಿ ಉಳಿಯಿತು.

ಅನಂತರ 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯಕ್ಕೇ ನೇರವಾಗಿ ಕರೆದೊಯ್ಯೋಣವೆಂದುಕೊಂಡೆ. ಕಂಪ್ಯೂಟರ್ ಲ್ಯಾಬಿನಲ್ಲಿ ಆರು ಮಕ್ಕಳು ಖಾತೆ ತೆರೆದರು, ಏಳನೆಯವಳಿಗೆ ಅವಕಾಶವಾಗಲಿಲ್ಲ. ಒಂದೇ ಇಂಟರ್‌ನೆಟ್ ವಿಳಾಸದಿಂದ ದಿನಕ್ಕೆ ಆರು ಖಾತೆಗಳೆಂಬ ಮಿತಿಯನ್ನು ನಾನು ಮೊದಲೇ ತಿಳಿದಿರಬೇಕಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಪ್ರಕಟವಾದ ಆಧಾರವಿಲ್ಲದ ಮಾಹಿತಿಯನ್ನು ವಿಕಿಪೀಡಿಯ ಒಪ್ಪುವುದಿಲ್ಲ, ಅದು ಸರಿಯಾದ ನಿಯಮವೇ. ಆದರೆ ನನ್ನ ಮಕ್ಕಳ ಬಳಿ ಇದ್ದ ಆಧಾರವೆಂದರೆ ಅವರ ಅಜ್ಜ ಅಜ್ಜಿಯರು. ಹಾಗಾಗಿ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವನ್ನೇ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಹಾಕಿಸಿಕೊಂಡೆವು. ಅದು ಉಚಿತ, ಶಾಲೆಯ ಒಳಗಿನ ಜಾಲದಲ್ಲಷ್ಟೇ ತೆರೆಯುತ್ತದೆ, ಮಕ್ಕಳ ಹೆಸರು ಹೊರಗೆ ಹೋಗುವ ಭಯವೂ ಇಲ್ಲ. ಒಬ್ಬರು ಬರೆದ ಪುಟವನ್ನು ಅದರಲ್ಲಿ ಇನ್ನೊಬ್ಬರು ತಿದ್ದಬಹುದು, ಹಳೆಯ ರೂಪಗಳೆಲ್ಲ ‘ಇತಿಹಾಸ’ದಲ್ಲಿ ಉಳಿಯುತ್ತವೆ, ಮಾತುಕತೆಗೆ ಪ್ರತಿ ಪುಟಕ್ಕೂ ಒಂದು ‘ಚರ್ಚೆ ಪುಟ’ವಿರುತ್ತದೆ.

ಟೈಪಿಂಗಿಗೆ ಭಾರತೀಯ ಭಾಷೆಗಳಿಗೆಂದೇ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸಿದೆವು, ಅದರಿಂದ ನಾನೆಣಿಸದ ಒಂದು ಲಾಭವಾಯಿತು. ಕೈಬರಹದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುವುದರಿಂದ ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವುದು ರಕಾರವನ್ನೇ ಎಂಬುದು ಎಷ್ಟೋ ಮಕ್ಕಳ ಗಮನಕ್ಕೆ ಬಂದಿರಲಿಲ್ಲ. ಕೀಲಿಮಣೆಯಲ್ಲಿ ಮೊದಲು ರ, ಆಮೇಲೆ ಹಲಂತ, ಆಮೇಲೆ ಯ ಒತ್ತಿದರೆ ಮಾತ್ರ ಅಕ್ಷರ ಮೂಡುತ್ತದೆ. ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಬೆರಳು ಎರಡು ವಾರದಲ್ಲಿ ಕಲಿತಿತು.

ಮೊದಲ ಪುಟಕ್ಕೆ ನಮ್ಮ ಕಡೆಯ ಗುಡ್ಡಗಳಲ್ಲಿರುವ ನೀರಿನ ಸುರಂಗವನ್ನು ಆರಿಸಿಕೊಂಡೆವು. ತೆಂಕುಮನೆಯ ಹುಡುಗನೊಬ್ಬ ಬರೆದ ಮೊದಲ ಸಾಲು ಹೀಗಿತ್ತು: ‘ಸುರಂಗದಲ್ಲಿ ತುಂಬಾ ನೀರು ಉಂಟು.’ ಹಿಂದಿನ ಬೆಂಚಿನ ಹುಡುಗಿ ಅದನ್ನು ‘ಗುಡ್ಡೆಗೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಜಿನುಗುತ್ತದೆ’ ಎಂದು ಮಾಡಿದಳು. ತುಂಬಾ ಎಂಬುದನ್ನು ಏಕೆ ತೆಗೆದೆ ಎಂದು ಆತ ಚರ್ಚೆ ಪುಟದಲ್ಲಿ ಕೇಳಿದ. ‘ನಮ್ಮ ಮನೆಯದ್ದರಲ್ಲಿ ಮೇ ತಿಂಗಳಲ್ಲಿ ಬೆರಳಿನಷ್ಟು ಮಾತ್ರ ಬರುತ್ತದೆ’ ಎಂಬ ಉತ್ತರ ಬಂತು. ತಿಂಗಳ ಕೊನೆಗೆ ಸಾಲು ಹೀಗಾಗಿತ್ತು: ‘ಮಳೆಗಾಲದಲ್ಲಿ ಮುರಕಲ್ಲಿನ ಗುಡ್ಡ ಹೀರಿಕೊಂಡ ನೀರು ಅಡ್ಡಲಾಗಿ ಕೊರೆದ ಸುರಂಗದೊಳಗೆ ಜಿನುಗುತ್ತದೆ; ಅದು ಪಂಪು ಇಲ್ಲದೆ ಅಡಿಕೆ ದಂಬೆಯಲ್ಲಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ.’ (ಮುರಕಲ್ಲು ಎಂದರೆ ಜಂಬಿಟ್ಟಿಗೆ ಕಲ್ಲು, ದಂಬೆ ಎಂದರೆ ಅಡಿಕೆ ಮರವನ್ನು ಸೀಳಿ ಮಾಡಿದ ನೀರಿನ ಕಾಲುವೆ.) ಆ ಸಾಲಿನಲ್ಲಿ ನನ್ನ ಒಂದು ಪದವೂ ಇಲ್ಲ. ಇತಿಹಾಸದ ಗುಂಡಿ ಒತ್ತಿ ಮೂರನ್ನೂ ಅಕ್ಕಪಕ್ಕ ತೋರಿಸಿದಾಗ, ಮೊದಲ ಸಾಲು ಬರೆದವನು ನಾಚಿಕೆಪಡುವ ಬದಲು ‘ಶುರು ಮಾಡಿದ್ದು ನಾನೇ ಅಲ್ವಾ ಟೀಚರ್’ ಎಂದ.

ಉದ್ದದ ವಿಷಯದಲ್ಲಿ ಜಗಳವೇ ಆಯಿತು. ಒಬ್ಬ 30 ಮೀಟರ್ ಎಂದ, ಇನ್ನೊಬ್ಬಳು 30 ಕೋಲು ಎಂದಳು, ಪುಟ ಒಂದೇ ದಿನದಲ್ಲಿ ಒಂಬತ್ತು ಬಾರಿ ಅತ್ತಿಂದಿತ್ತ ಹೊರಳಿತು. ನಾನು ತೀರ್ಪು ಕೊಡದೆ ಇಬ್ಬರನ್ನೂ ಸುರಂಗ ತೋಡಿದ ಹಿರಿಯರೊಬ್ಬರ ಬಳಿಗೆ ಕಳುಹಿಸಿದೆ. ಕೋಲೆಂದರೆ ಸುಮಾರು ಎರಡೂವರೆ ಅಡಿಯೆಂದು ಅವರು ಹೇಳಿದ ಮೇಲೆ ಮಕ್ಕಳೇ ಲೆಕ್ಕ ಹಾಕಿ 75 ಅಡಿ, ಅಂದರೆ ಸುಮಾರು 23 ಮೀಟರ್ ಎಂದು ತಿದ್ದಿದರು. ಒಳಗೆ ಮೋಂಬತ್ತಿ ನಂದಿದರೆ ಉಸಿರಾಟದ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದ ವಿಷಯವನ್ನೂ ಅವರಿಂದಲೇ ಕೇಳಿ ಬಂದರು.

ವಾಕ್ಯ ಕಟ್ಟಲು ಹೆದರುತ್ತಿದ್ದ ಒಬ್ಬ ಹುಡುಗ ಇಡೀ ವರ್ಷ ಮಾಡಿದ್ದು ಲ ಮತ್ತು ಳ ಸರಿಪಡಿಸುವ ಕೆಲಸವೊಂದನ್ನೇ. ಅದಕ್ಕಾಗಿ ಅವನು ಎಲ್ಲರ ಪುಟಗಳನ್ನೂ ಓದಬೇಕಾಯಿತು. ತರಗತಿಯಲ್ಲಿ ಅತಿ ಹೆಚ್ಚು ಓದಿದವನು ಅವನೇ ಎಂಬುದು ವರ್ಷದ ಕೊನೆಗೆ ನನಗೆ ಹೊಳೆಯಿತು.

ಪರೀಕ್ಷೆಯನ್ನು ಕೈಯಲ್ಲೇ ಬರೆಯಬೇಕಾದ್ದರಿಂದ, ಪುಟ ಸಿದ್ಧವಾದ ಮೇಲೆ ನೋಡಿಕೊಳ್ಳದೆ ಪುಸ್ತಕದಲ್ಲಿ ಬರೆಯಿಸುತ್ತೇನೆ. ವಾರಕ್ಕೆ ಒಂದೇ ಪೀರಿಯಡ್ ಲ್ಯಾಬ್ ಸಿಗುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ಸುರಂಗದ ಪುಟ 41 ತಿದ್ದುಪಡಿಗಳನ್ನು ಕಂಡು ನಿಂತಿತೆಂದು ನಾನು ಭಾವಿಸಿದ್ದೆ. ಈ ವರ್ಷ ಎಂಟನೇ ತರಗತಿಗೆ ಬಂದ ಹುಡುಗಿಯೊಬ್ಬಳು ‘ಅಡಿಕೆ ದಂಬೆ’ಯನ್ನು ಅಳಿಸಿ ‘ಪಿವಿಸಿ ಪೈಪು’ ಎಂದು ಬರೆದಿದ್ದಾಳೆ. ಅವರ ಮನೆಯಲ್ಲಿ ಈಗ ಇರುವುದು ಅದಂತೆ. ಚರ್ಚೆ ಪುಟದಲ್ಲಿ ಇಬ್ಬರು ಆಗಲೇ ತಕರಾರು ತೆಗೆದಿದ್ದಾರೆ.